ತಂಗೆವ್ವನ ಹದಿನೈದು ನಿಮಿಷ

ಇಚಲಕರಂಜಿಯಲ್ಲಿ ಕೈ ನೋಯುತ್ತದೆ ಎಂದು ಯಾರೆದುರಿಗೂ ಬಾಯಿ ಬಿಡಬಾರದು. ಬಿಟ್ಟಿರೋ, ಮುಗಿಯಿತು ನಿಮ್ಮ ಕಥೆ. ತರಕಾರಿ ತೂಗುತ್ತಿದ್ದವಳು ತಕ್ಕಡಿ ಕೆಳಗಿಟ್ಟು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೋ ಎನ್ನುತ್ತಾಳೆ. ರಿಕ್ಷಾದವನು ಮುಂದಿನ ರಸ್ತೆ ಬಿಟ್ಟು ಹಿಂದಕ್ಕೆ ತಿರುಗಿ, ಮುರಗೂಡದ ಎಣ್ಣೆಯವನೊಬ್ಬ ತನ್ನ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದ ವೃತ್ತಾಂತ ಹೇಳುತ್ತಾನೆ. ಆಜರಾ ಕಡೆಯವಳೊಬ್ಬಳಂತೂ ಗೇರುಸಿಪ್ಪೆಯ ಎಣ್ಣೆ ಹಚ್ಚು, ಚರ್ಮ ಸುಲಿದು ಹೊಸದು ಬರುತ್ತದೆ, ಹಳೆಯದರ ಜೊತೆ ನೋವೂ ಹೋಗುತ್ತದೆ ಎಂದಿದ್ದಳು. ಮೂರು ವರ್ಷದಲ್ಲಿ ತಂಗೆವ್ವ ಇಂಥ ವೈದ್ಯರನ್ನು ಕಡಿಮೆಯೆಂದರೂ ನಲವತ್ತು ಜನ ಕಂಡಿದ್ದಾಳೆ. ಅವರಲ್ಲಿ ಓದಿದವರು ಒಬ್ಬರೇ.

ತಂಗೆವ್ವನಿಗೆ ಈಗ ನಲವತ್ತೆಂಟು. ಹುಕ್ಕೇರಿ ಕಡೆಯ ಹುಡುಗಿ. ಮದುವೆಯಾಗಿ ಈ ಮಗ್ಗದ ಊರಿಗೆ ಬಂದಾಗಿನಿಂದ ಕಾಂಡಿ ಸುತ್ತುವ ಕೆಲಸ. ದೊಡ್ಡ ಉಂಡೆಯ ನೂಲನ್ನು ಗೇಣುದ್ದದ ಕಡ್ಡಿಗಳಿಗೆ ಸುತ್ತಿಕೊಡುವ ಯಂತ್ರ ಅವಳದು. ನೂಲು ಸುತ್ತಿದ ಆ ಕಡ್ಡಿಯೇ ಕಾಂಡಿ. ಅದು ಲಾಳಿಯೊಳಗೆ ಕೂತರೆ ಮಾತ್ರ ಮಗ್ಗ ಬಟ್ಟೆ ನೇಯುವುದು. ತುಂಬಿದ್ದನ್ನು ತೆಗೆ, ಖಾಲಿಯದನ್ನು ಹಾಕು, ಹರಿದ ಎಳೆಗೆ ಗಂಟು ಬಿಗಿ, ಹೀಗೆ ದಿನಕ್ಕೆ ಹತ್ತು ತಾಸು ಬೆರಳುಗಳದೇ ಓಡಾಟ. ರಾವಸಾಹೇಬರ ಶೆಡ್ಡಿನಲ್ಲಿ ಕಿಟಕಿ ಪಕ್ಕದ ಯಂತ್ರವನ್ನು ಹತ್ತೊಂಬತ್ತು ವರ್ಷದಿಂದ ಅವಳೇ ನಡೆಸುತ್ತಿದ್ದಳು.

ಆ ಯಂತ್ರ ಈಗ ಕೈಬಿಟ್ಟು ಹೋಗುವುದರಲ್ಲಿತ್ತು. ದಸರೆಗೆ ಎಂಟು ದಿನವಿರುವಾಗ ರಾವಸಾಹೇಬರು ಹೇಳಿಬಿಟ್ಟಿದ್ದರು: ದಸರೆಯಿಂದ ಅಲ್ಲಿ ಬೇರೆಯವಳು ನಿಲ್ಲುತ್ತಾಳೆ. ತಂಗೆವ್ವನ ತಪ್ಪೆಂದರೆ ಇಷ್ಟೇ, ಎರಡು ತಾಸಿಗೊಮ್ಮೆ ಯಂತ್ರ ನಿಲ್ಲಿಸಿ ಪಕ್ಕದ ಹಲಗೆಯ ಮೇಲೆ ಹದಿನೈದು ನಿಮಿಷ ಮಲಗುತ್ತಿದ್ದಳು. ಅದೂ ಹಾಡಹಗಲಲ್ಲಿ, ಎಲ್ಲರ ಕಣ್ಣೆದುರಿಗೆ. ಆ ಹದಿನೈದು ನಿಮಿಷಕ್ಕೆ ಅವಳು ಬಂದು ಮುಟ್ಟಿದ ದಾರಿ ಸಣ್ಣದಲ್ಲ, ಅದನ್ನು ಮೊದಲು ಹೇಳಬೇಕು.

ಶುರುವಾದದ್ದು ಮೂರು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ. ಎದ್ದು ನೋಡಿದರೆ ಮುಷ್ಟಿ ಬಿಚ್ಚುತ್ತಿಲ್ಲ. ಚಹಾದ ಕಪ್ಪನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿದಳು. ಹತ್ತು ಗಂಟೆಯ ಹೊತ್ತಿಗೆ ಬೆರಳು ಸಡಿಲಾದವು, ಮಾರನೆಯ ದಿನ ಮತ್ತೆ ಅದೇ ಪಾಡು. ತಿಂಗಳೊಪ್ಪತ್ತಿನಲ್ಲಿ ಎರಡೂ ಮಣಿಕಟ್ಟು ಬಾತುಕೊಂಡವು.

ಗಂಡ ಮಾಯಪ್ಪ ಸೈಜಿಂಗಿನಲ್ಲಿ ಕೆಲಸಗಾರ. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಕುಡಿಸುವ ಕಾರ್ಖಾನೆ ಅದು. ಅಲ್ಲಿ ಬಾಯ್ಲರು ಸದಾ ಉರಿಯುತ್ತಿರುವುದರಿಂದ ಬಿಸಿನೀರಿಗೆ ಬರವಿಲ್ಲ. ಲೋಕದಲ್ಲಿ ಬಿಸಿನೀರಿಗೆ ಬಗ್ಗದ ಕಾಯಿಲೆಯೇ ಇಲ್ಲ ಎಂದು ನಂಬಿದ ಮನುಷ್ಯ ಅವನು. ಪಾಳಿ ಮುಗಿಸಿ ಬರುವಾಗ ಗಾಡಿಗೆ ಎರಡು ಕ್ಯಾನು ಬಿಸಿನೀರು ಕಟ್ಟಿಕೊಂಡು ಬಂದ.

"ಅದ್ದ ಕೈ," ಎಂದ. "ಇಂಥಾ ನೀರ ಕೊಲ್ಲಾಪುರದ ಸಾವಕಾರ ಮಂದಿಗೂ ಸಿಗೂದಿಲ್ಲ."

ಬೆಳಿಗ್ಗೆ ಅದ್ದಿದರೆ ಹಿತವಾಗುತ್ತಿತ್ತು, ಸುಳ್ಳು ಹೇಳಬಾರದು. ಬಿಗಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಆದರೆ ಮಾಯಪ್ಪನಿಗೆ ಬೆಳಗಿನ ಹಿತ ಸಾಲದು. ಸಂಜೆ ಮಣಿಕಟ್ಟು ಕೆಂಪಗೆ ಕಾದು ಮಿಡಿಯುತ್ತಿರುವಾಗಲೂ ಬಿಸಿನೀರೇ. ನೋವು ಹೆಚ್ಚಾಯಿತು ಎಂದರೆ, ನೀರು ಸಾಕಷ್ಟು ಬಿಸಿ ಇರಲಿಲ್ಲ ಎನ್ನುತ್ತಿದ್ದ. ತಂಗೆವ್ವನಿಗೆ ಸಿಟ್ಟು ಬರುತ್ತಿತ್ತು. ಆದರೆ ಪಾಳಿಯ ದಣಿವಿನಲ್ಲೂ ಅವನು ಉಸಿರು ಬಿಡುತ್ತಾ ಆ ಕ್ಯಾನುಗಳನ್ನು ಮೆಟ್ಟಿಲು ಏರಿಸುವುದನ್ನು ನೋಡಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಒಂದು ವರ್ಷ ಹೀಗೇ ಕಳೆಯಿತು.

ಆಮೇಲೆ ಬಂತು ಮೇಣದ ಪ್ರಸಂಗ. ಪಕ್ಕದ ಯಂತ್ರದ ಸಾವಿತ್ರವ್ವನ ಬೀಗಿತಿಗೆ ಯಾವುದೋ ದವಾಖಾನೆಯಲ್ಲಿ ಕರಗಿದ ಮೇಣದೊಳಗೆ ಕೈ ಅದ್ದಿಸಿ ನೋವು ಇಳಿಸಿದ್ದರಂತೆ. ಈ ಮಾತು ಕಿವಿಗೆ ಬಿದ್ದದ್ದೇ ತಡ, ಮಾಯಪ್ಪ ಎದ್ದು ನಿಂತ.

"ಮೇಣ? ಅದಕ್ಕ ದವಾಖಾನಿಗೆ ಯಾಕ ಹೋಗಬೇಕ? ನಮ್ಮ ಸೈಜಿಂಗನ್ಯಾಗ ಚೀಲಗಟ್ಟಲೆ ಬಿದ್ದೈತಿ."

ಬಿದ್ದಿತ್ತು ನಿಜ. ಗಂಜಿ ಕುಡಿದ ನೂಲು ನುಣುಪಾಗಿ ಜಾರಲೆಂದು ಸೈಜಿಂಗಿನಲ್ಲಿ ಮೇಣ ಹಾಕುತ್ತಾರೆ. ಆದರೆ ಮಾಯಪ್ಪ ತಂದದ್ದು ಬರೀ ಮೇಣವಲ್ಲ, ಗಂಜಿ ಗೋಂದು ಎಲ್ಲ ಬೆರೆಸಿ ನೂಲಿಗೆಂದು ಸಿದ್ಧ ಮಾಡಿಟ್ಟದ್ದು. ಇಪ್ಪತ್ತು ವರ್ಷ ಅದನ್ನೇ ಕಲಸಿದವನಿಗೆ ಇದು ಹೊಳೆಯಬೇಕಿತ್ತು. ಆದರೆ ಅವತ್ತು ಅವನು ಕೆಲಸಗಾರನಾಗಿರಲಿಲ್ಲ, ವೈದ್ಯನಾಗಿದ್ದ. ಬೋಗುಣಿಯಲ್ಲಿ ಕರಗಿಸಿ, ತನ್ನ ಮೊಣಕೈ ತಾಗಿಸಿ ಕಾವು ನೋಡಿ, ಹೆಂಡತಿಯ ಎರಡೂ ಕೈ ಮೂರು ಸಲ ಮುಳುಗಿಸಿ ತೆಗೆದು ಫ್ಯಾನಿನ ಕೆಳಗೆ ಕೂರಿಸಿದ.

ನಿಜವಾದ ಮೇಣವಾಗಿದ್ದರೆ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಇದು ಬರಲಿಲ್ಲ. ನೂಲಿಗೆ ಏನಾಗುತ್ತದೋ ತಂಗೆವ್ವನ ಕೈಗೂ ಅದೇ ಆಯಿತು, ಹತ್ತೂ ಬೆರಳು ಬಿರುಸಾಗಿ ನೆಟ್ಟಗೆ ನಿಂತವು. ನೆರೆಮನೆಯ ಇಬ್ಬರು ಹೆಂಗಸರು ಕೊಬ್ಬರಿ ಎಣ್ಣೆ, ತೆಂಗಿನ ನಾರು ಹಿಡಿದು ಸಂಜೆತನಕ ಉಜ್ಜಿದರು.

"ನನ್ನ ಕೈಗೆ ಗಂಜಿ ಕುಡಿಸ್ಯಾರ ನೋಡ್ರೆವ್ವಾ," ಎಂದಳು ತಂಗೆವ್ವ. "ಇನ್ನ ಮಗ್ಗಕ್ಕ ಏರಸೂದೊಂದ ಉಳದೈತಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ತಂಗೆವ್ವನೂ ನಕ್ಕಳು, ನಗದೆ ಏನು ಮಾಡುವುದು? ಮಾಯಪ್ಪ ಮಾತ್ರ ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ಕೂತು ಒಳಗೆ ಬರಲೇ ಇಲ್ಲ. ಮಾರನೆಯ ದಿನ ಯಾರೂ ಹೇಳದೆ ಅವನೇ, ಕೊಲ್ಲಾಪುರದ ದೊಡ್ಡ ದವಾಖಾನೆಗೆ ಹೋಗೋಣ ಎಂದ.

ಅಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತು, ರಕ್ತ ಕೊಟ್ಟು, ಮತ್ತೊಂದು ದಿನ ಬಂದು ನೋಡಿಸಿದರು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಮರಾಠಿಯವಳು. "ಕಿತೀ ದಿವಸ ಝಾಲೇ, ಮಾವಶೀ?" ಎಂದು ಎಷ್ಟು ದಿನವಾಯಿತೆಂದು ಕೇಳಿದಳು. ತಂಗೆವ್ವ ಮರಾಠಿಯಲ್ಲೇ ಎಲ್ಲ ಹೇಳಿದಳು, ಮೇಣದ ಸಂಗತಿಯೊಂದು ಬಿಟ್ಟು. ಸಂಧಿವಾತ ಎಂದಳು ಡಾಕ್ಟರು. ಇದು ಕೀಲು ಸವೆದದ್ದಲ್ಲ, ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬಿದ್ದಿರುವುದು. ಪೂರ್ತಿ ಹೋಗುವ ಕಾಯಿಲೆಯಲ್ಲ, ಅಂಕೆಯಲ್ಲಿ ಇಡಬಹುದು, ಗುಳಿಗೆ ತಪ್ಪಿಸಬಾರದು. ಬಿಗಿದುಕೊಂಡಾಗ ಶಾಖ, ಕಾದು ಬಾತಾಗ ತಂಪು, ದುಡಿಯುವ ನಡುನಡುವೆ ಸ್ವಲ್ಪ ಸ್ವಲ್ಪ ವಿಶ್ರಾಂತಿ.

ಯಾವಾಗ ಯಾವುದು ಎಂದು ಯಾರು ಹೇಳಬೇಕು ಎಂದು ತಂಗೆವ್ವ ಕೇಳಿದಳು. ಡಾಕ್ಟರು ಬರೆಯುತ್ತಿದ್ದವಳು ತಲೆಯೆತ್ತಿ, ನಿಮ್ಮ ಕೈಯೇ ಹೇಳುತ್ತದೆ, ನೀವು ಕೇಳಬೇಕು ಅಷ್ಟೇ, ಎಂದಳು.

ಹೊರಗೆ ಬಂದ ಮೇಲೆ ಮಾಯಪ್ಪ ಗೊಣಗಿದ: "ವಾಯುವಿಗೆ ತಂಪ ಅಂತ! ಆ ಹುಡಿಗಿಗಿ ಏನ ತಿಳೀತೈತಿ?" ತಂಗೆವ್ವನಿಗೂ ಹಾಗೇ ಅನಿಸಿತ್ತು. ಕೀಲುನೋವಿಗೆ ತಣ್ಣೀರು ಸೋಕಿಸಬಾರದು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು. ಹೀಗಾಗಿ ಗುಳಿಗೆ ಹಿಡಿದರು, ಬಿಸಿನೀರು ಮುಂದುವರಿಯಿತು, ತಂಪಿನ ಮಾತು ಕೊಲ್ಲಾಪುರದಲ್ಲೇ ಉಳಿಯಿತು. ಗುಳಿಗೆಯಿಂದ ಅರ್ಧ ನೋವು ಇಳಿಯಿತು, ಅರ್ಧ ಇಳಿಯಲಿಲ್ಲ. ಆ ಅರ್ಧಕ್ಕೆ ವಿಶ್ರಾಂತಿಯೇ ಮದ್ದು ಎಂದು, ಈ ವರ್ಷ ಮನೆಯ ಐದು ದಿನದ ಗಣಪತಿ ಮುಗಿದದ್ದೇ ತಡ, ಅಕ್ಕ ಯಮುನವ್ವ ಗಡಹಿಂಗ್ಲಜದಿಂದ ಬಂದು ತಂಗಿಯನ್ನು ಕರೆದುಕೊಂಡು ಹೋದಳು.

ಯಮುನವ್ವ ಬಾಣಂತನ ಮಾಡುವುದರಲ್ಲಿ ಎತ್ತಿದ ಕೈ. ಹೆಣ್ಣುಮಕ್ಕಳದು, ಸೊಸೆಯರದು, ನೆರೆಯವರದು ಎಂದು ಹನ್ನೊಂದು ಬಾಣಂತನ ಮಾಡಿದವಳು. ಹೆಂಗಸಿಗೆ ವಿಶ್ರಾಂತಿ ಎಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಹೆತ್ತರೆ ಮಲಗಬಹುದು, ಹೆರದೆ ಹಗಲಲ್ಲಿ ಮಲಗಿದ ಹೆಂಗಸನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಹಾಗಾಗಿ ನಲವತ್ತೆಂಟು ವರ್ಷದ ತಂಗಿಗೆ ಅವಳು ಬಾಣಂತನ ಶುರು ಮಾಡಿದಳು. ಕಿಟಕಿಗೆ ಗೋಣಿಚೀಲ ಬಿತ್ತು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಬುಟ್ಟಿ. ಊಟಕ್ಕೆ ಸಬ್ಬಸಿಗೆ ಪಲ್ಯ, ಅಳ್ವಿ ಬೀಜದ ಪಾಯಸ. ಕುಡಿಯುವುದಕ್ಕೂ ಬಿಸಿನೀರೇ.

"ಅಕ್ಕಾ, ನಾ ಏನ ಹಡದೇನೇನು?" ಎಂದಳು ತಂಗೆವ್ವ.

"ಹಡದಾಕಿಗೇ ಇಷ್ಟ ಬೇಕಂದ್ರ, ಬ್ಯಾನಿ ಬಿದ್ದಾಕಿಗೆ ಎಷ್ಟ ಬೇಕ? ಸುಮ್ನ ಮಲಕೋ."

ಮೊದಲ ಮೂರು ದಿನ ಸ್ವರ್ಗ. ತಾಟಿಗೆ ಬಡಿಸಿ ಕೈಗೆ ಕೊಡುವವರು ಇದ್ದರು. ಹೀಗೆ ಯಾರಾದರೂ ತನಗೆ ಮಾಡಿ ಎಷ್ಟು ವರ್ಷವಾಯಿತು ಎಂದು ನೆನೆದು ತಂಗೆವ್ವ ಗೋಡೆಗೆ ಮುಖ ಮಾಡಿ ಅತ್ತಳು. ನಾಲ್ಕನೆಯ ದಿನ ಓಣಿಯ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿ, ಕೆಂಡದ ಹೊಗೆ, ತಲೆಯ ಬಟ್ಟೆ ಎಲ್ಲ ನೋಡಿ ಕಣ್ಣರಳಿಸಿ, "ಯವ್ವಾ, ಈ ವಯಸ್ಸಿನ್ಯಾಗ! ಕೂಸ ಎಲ್ಲೈತ್ರೀ?" ಎಂದು ಕೇಳಿದಳು. ತಂಗೆವ್ವ ಬಾತ ಎರಡೂ ಕೈಗಳನ್ನು ಕಂಬಳಿಯಿಂದ ಹೊರಗೆ ತೆಗೆದು ತೋರಿಸಿದಳು.

"ಅವಳಿ-ಜವಳಿ ಅದಾವ. ಎರಡೂ ರಾತ್ರೆಲ್ಲಾ ಅಳತಾವ."

ಹತ್ತನೆಯ ದಿನಕ್ಕೆ ಭುಜ ಬಿಗಿಯಿತು, ಹದಿನೈದಕ್ಕೆ ಮೊಣಕಾಲು. ಕೆಂಡದ ಕಾವಿಗೆ ಮಣಿಕಟ್ಟು ಇನ್ನೂ ಕೆರಳಿ ಕೆಂಪಾದವು. ಹದಿನೆಂಟನೆಯ ದಿನ ನೀರಿನ ಲೋಟ ಎತ್ತಲಿಕ್ಕೆ ಆಗಲಿಲ್ಲ. ಅವತ್ತು ತಂಗೆವ್ವ ಎದ್ದು ಕೂತು ತಲೆಯ ಬಟ್ಟೆ ಬಿಚ್ಚಿದಳು, ಕಿವಿಯ ಹತ್ತಿ ಕಿತ್ತಳು, ಚೀಲ ತೆಗೆದುಕೊಂಡಳು.

"ತಿಂಗಳ ತುಂಬಿಲ್ಲಲ್ಲೇ!" ಎಂದು ಯಮುನವ್ವ ಅಡ್ಡ ನಿಂತಳು.

"ಭಾಳ ಮಾಡಿದಿ ಅಕ್ಕಾ, ನಿನ್ನ ಋಣ ತೀರಸಾಕ ಆಗೂದಿಲ್ಲ. ಆದ್ರ ಇನ್ನೊಂದ ದಿನ ಮಲಗಿದ್ರ ನನ್ನ ನಾಲ್ಕ ಮಂದಿ ಎತಗೊಂಡ ಹೋಗಬೇಕಾಕ್ಕೈತಿ. ಬಿಡ ದಾರಿ."

ಎಸ್.ಟಿ. ಬಸ್ ಸ್ಟ್ಯಾಂಡಿಗೆ ಹೋಗಬೇಕಾದವಳು ಹೋಗಲಿಲ್ಲ. ಕಾಲು ಎಳೆಯುತ್ತಾ ಊರಂಚಿನ ಹಿರಣ್ಯಕೇಶಿ ಹೊಳೆಗೆ ಇಳಿದಳು. ಮಳೆಗಾಲದ ಕೆಂಪು ಇಳಿದು ನೀರು ತಿಳಿಯಾಗುತ್ತಿತ್ತು. ಮೂರು ವರ್ಷದಿಂದ ಅವಳು ತಣ್ಣೀರಿನಲ್ಲಿ ಮುಖವನ್ನೂ ತೊಳೆದವಳಲ್ಲ. ಮಣಿಕಟ್ಟು ಎರಡೂ ಸುಡುತ್ತಿದ್ದವು. ನಿಮ್ಮ ಕೈಯೇ ಹೇಳುತ್ತದೆ ಎಂದಿದ್ದಳಲ್ಲ ಆ ಹುಡುಗಿ; ಕೈ ಈಗ ಹೇಳುತ್ತಿದ್ದದ್ದು ಕಿವುಡರಿಗೂ ಕೇಳಿಸುವಷ್ಟು ಜೋರಾಗಿತ್ತು. ಕಲ್ಲಿನ ಮೇಲೆ ಕೂತು ಎರಡೂ ಕೈ ಹರಿಯುವ ನೀರಿನಲ್ಲಿ ಬಿಟ್ಟಳು.

ಮೊದಲು ಮೈ ಜುಮ್ಮೆಂದಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉರಿ ಇಳಿಯತೊಡಗಿತು. ಹೆದರಿದಂತೆ ಯಾವ ವಾಯುವೂ ಬಂದು ಬಡಿಯಲಿಲ್ಲ. ಹತ್ತು ನಿಮಿಷಕ್ಕೆ ಕೈ ಹೊರಗೆ ತೆಗೆದು ನೋಡಿದರೆ, ಬಾವು ಇತ್ತು, ಆದರೆ ಮಿಡಿತ ನಿಂತಿತ್ತು. ತಂಗೆವ್ವನಿಗೆ ಸಂತೋಷವಾಗಬೇಕಿತ್ತು, ಬದಲಿಗೆ ಕೆಟ್ಟ ಸಿಟ್ಟು ಬಂತು. ನಲವತ್ತು ಜನ ಈ ಕೈಗಳ ಬಗ್ಗೆ ಮಾತಾಡಿದರು, ತಾನೂ ತಲೆಯಾಡಿಸಿದಳು, ಕೈಗಳ ಮಾತು ಕೇಳಿದವರು ಯಾರೂ ಇಲ್ಲ. ತಾನೂ ಕೇಳಲಿಲ್ಲ. ಇನ್ನು ಮೇಲೆ ಈ ಕೈಗೆ ಏನು ಬೇಕು ಎಂದು ಹೇಳುವವಳು ತಾನೊಬ್ಬಳೇ ಎಂದು ಗಟ್ಟಿ ಮಾಡಿಕೊಂಡು ಬಸ್ಸು ಹತ್ತಿದಳು.

ಇಚಲಕರಂಜಿಗೆ ಬಂದವಳು ತನ್ನದೇ ಕಾಯಿದೆ ಮಾಡಿದಳು. ಬೆಳಿಗ್ಗೆ ಮಾಯಪ್ಪನ ಬಿಸಿನೀರು, ಹತ್ತೇ ನಿಮಿಷ. ಅದರ ಮೇಲೆ ಒಂದು ಚೊಂಬೂ ಇಲ್ಲ. ಮಣಿಕಟ್ಟು ಕಾದರೆ ಮಗ್ಗದ ಕೆಳಗೆ ಬೀಳುವ ಚಿಂದಿ ಬಟ್ಟೆಯನ್ನು ಶೆಡ್ಡಿನ ನೀರಿನ ಗಡಿಗೆಯಲ್ಲಿ ನೆನೆಸಿ ಸುತ್ತಿಕೊಳ್ಳುವುದು. ಇನ್ನು ವಿಶ್ರಾಂತಿ. ದಿನಗಟ್ಟಲೆ ಮಲಗಿದರೆ ಕೀಲು ಬಿಗಿಯುತ್ತದೆ, ಮಲಗದೆ ದುಡಿದರೆ ಕೀಲು ಕೆರಳುತ್ತದೆ ಎಂಬುದು ಈಗ ಅವಳಿಗೆ ಸ್ವಂತ ಅನುಭವ. ಸಾಮಾನು ಇಳಿಸುವ ಹಳೆಯ ಹಲಗೆಯೊಂದನ್ನು ಯಂತ್ರದ ಪಕ್ಕಕ್ಕೆ ಎಳೆದು, ಎರಡು ತಾಸಿಗೊಮ್ಮೆ ಎದೆಯ ಮೇಲೆ ಕೈಯಿಟ್ಟು ಹದಿನೈದು ನಿಮಿಷ ಮಲಗತೊಡಗಿದಳು. ಎದ್ದ ಮೇಲೆ ಬೆರಳು ಮಾತು ಕೇಳುತ್ತಿದ್ದವು. ಸಂಜೆಗೆ ನೋಡಿದರೆ ಅವಳ ಕಾಂಡಿ ಮೊದಲಿಗಿಂತ ತುಸು ಕಡಿಮೆ ನಿಜ, ಆದರೆ ಒಂದು ದಿನವೂ ರಜೆಯಿಲ್ಲ.

ರಾವಸಾಹೇಬರು ಕೆಟ್ಟ ಮನುಷ್ಯರಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಹಳೆಯ ವ್ಯಾಪಾರಿ ಮನೆತನದವರು. ಮೊದಲ ಕೆಲವು ದಿನ ನೋಡಿಯೂ ನೋಡದ ಹಾಗಿದ್ದರು. ಆದರೆ ಒಂದು ದಿನ ಮುಂಬಯಿಯಿಂದ ಬಂದ ಬಟ್ಟೆ ವ್ಯಾಪಾರಿಯೊಬ್ಬ ಹಲಗೆಯ ಮೇಲೆ ಮಲಗಿದ ಹೆಂಗಸನ್ನು ಕಂಡು, ಸತ್ತಿದ್ದಾಳೇನು ಎಂದು ಕೇಳಿಬಿಟ್ಟ. ಅವರಿಗೆ ಮುಖಭಂಗವಾಯಿತು. ವ್ಯಾಪಾರಿ ಹೋದ ಮೇಲೆ ನೆಟ್ಟಗೆ ಕಿಟಕಿಯ ಹತ್ತಿರ ಬಂದರು.

"ತಂಗೆವ್ವಾ, ಇದು ಕಾರಖಾನಿ, ಧರ್ಮಶಾಲಿ ಅಲ್ಲ. ಮೈಯಾಗ ಆರಾಮಿಲ್ಲಂದ್ರ ಮನ್ಯಾಗ ಮಲಗ. ಆರಾಮಾದ ಮ್ಯಾಲ ಬಾ."

"ಇದು ಆರಾಮಾಗೂ ಬ್ಯಾನಿ ಅಲ್ರೀ ಮಾಲಕರ. ಹಂಗಂದ್ರ ಬರಲೇಬ್ಯಾಡ ಅಂದಂಗ ಆತು."

"ದುಡಿಯಾಕಿ ಇದ್ರ ದುಡಿ, ಮಲಗಾಕಿ ಇದ್ರ ಮಲಗ. ಎರಡೂ ಕೂಡೇ ಹೆಂಗ ಆಕ್ಕೈತಿ?"

"ನಿಮ್ಮ ಮಗ್ಗ ಎರಡೂ ಮಾಡತಾವಲ್ರೀ. ಎಣ್ಣಿ ಬಿಡಾಕ ನಿಲ್ಲಸ್ತೀರಿ, ನೂಲಿನ ಬೀಮ ಬದಲಿ ಮಾಡಾಕ ನಿಲ್ಲಸ್ತೀರಿ. ಆವಾಗ ಮಗ್ಗಕ್ಕ ಮೈಗಳ್ಳ ಅಂತೀರೇನ್ರಿ?"

ಸಾವಿತ್ರವ್ವ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂತು. ಅದೇ ಎಡವಟ್ಟಾಯಿತು. ಕೆಲಸದವರು ನಕ್ಕ ಮೇಲೆ ಮಾಲಕರು ಹಿಂದೆ ಸರಿಯುವಂತಿರಲಿಲ್ಲ. ದಸರೆಯಿಂದ ಆ ಯಂತ್ರಕ್ಕೆ ಬೇರೆಯವಳನ್ನು ನೋಡು ಎಂದು ಅಲ್ಲೇ ದಿವಾಣಜಿಗೆ ಹೇಳಿದರು. ಶೆಡ್ಡಿನ ಲೆಕ್ಕಪತ್ರ, ಉಸ್ತುವಾರಿ ಎಲ್ಲ ನೋಡಿಕೊಳ್ಳುವ ದಿವಾಣಜಿ, ತಂಗೆವ್ವನ ಕೊರಳಲ್ಲಿ ದಾರಕ್ಕೆ ಕಟ್ಟಿ ನೇತುಬಿಟ್ಟಿದ್ದ ನೂಲು ಕತ್ತರಿಸುವ ಸಣ್ಣ ಕತ್ತರಿಯನ್ನು ಇಸಿದುಕೊಂಡ. ಕತ್ತರಿ ಶೆಡ್ಡಿನದು, ತಕರಾರು ಮಾಡುವಂತಿರಲಿಲ್ಲ.

ಆ ಕತ್ತರಿ ಹೋದದ್ದರಲ್ಲಿ ಒಂದು ಅರ್ಥವಿತ್ತು. ದಸರೆಯ ಹಿಂದಿನ ದಿನ ಖಂಡೇನವಮಿ. ಅವತ್ತು ಊರ ಮಗ್ಗಗಳೆಲ್ಲ ನಿಂತು ಪೂಜೆಗೊಳ್ಳುತ್ತವೆ. ರಾವಸಾಹೇಬರ ತಂದೆ ಬಸವಣ್ಣೆಪ್ಪನವರು ಆ ಶೆಡ್ಡಿಗೆ ಒಂದು ಪದ್ಧತಿ ಹಾಕಿಕೊಟ್ಟು ಹೋಗಿದ್ದರು. ಪ್ರತಿಯೊಬ್ಬರೂ ತಮ್ಮ ಯಂತ್ರದ ಮುಂದೆ ಹೊಸ ಬಟ್ಟೆ ಹಾಸಿ ತಮ್ಮ ಹತ್ಯಾರ ಇಡಬೇಕು, ಕತ್ತರಿಯೋ ನಟ್ಟು ಬಿಗಿಯುವ ಪಾನಾವೋ ಎಣ್ಣೆಡಬ್ಬಿಯೋ. ಪೂಜೆಯಾದ ಮೇಲೆ ದಸರೆಯ ಬೆಳಗಿನತನಕ ಅದು ಕೆಲಸ ಮಾಡುವಂತಿಲ್ಲ. ಇಟ್ಟವರೇ ಅದನ್ನು ಎತ್ತಬೇಕು, ಎತ್ತಿದವರೇ ಯಂತ್ರ ಚಾಲೂ ಮಾಡಬೇಕು, ಮುಂದಿನ ದಸರೆಯತನಕ ಆ ಯಂತ್ರ ಅವರದು. ಬಸವಣ್ಣೆಪ್ಪನವರು ಹೋಗಿ ಎಷ್ಟು ವರ್ಷವಾದರೂ ಈ ಪದ್ಧತಿಯನ್ನು ಯಾರೂ ಮೀರಿರಲಿಲ್ಲ. ಹತ್ಯಾರವಿಲ್ಲದವಳಿಗೆ ಯಂತ್ರವೂ ಇಲ್ಲ.

"ಬಿಡ ಅತ್ತಾಗ," ಎಂದ ಮಾಯಪ್ಪ. "ಬ್ಯಾರೆ ಶೆಡ್ಡಿನ್ಯಾಗ ಕೇಳೂಣಂತ."

"ಬ್ಯಾರೆ ಶೆಡ್ಡಿನವರು ಹಲಗಿ ಹಾಸಿ ಕರೀತಾರೇನ್ರಿ? ಇಲ್ಲಿ ಸೋತ್ರ ಎಲ್ಲಾ ಕಡೆ ಸೋತಂಗ."

ಖಂಡೇನವಮಿಯ ದಿನ ಇಚಲಕರಂಜಿಯಲ್ಲಿ ಮಗ್ಗದ ಸದ್ದಿರುವುದಿಲ್ಲ. ಆದರೂ ಜನ ಅಭ್ಯಾಸಬಲದಿಂದ ಕೂಗಿಕೊಂಡೇ ಮಾತಾಡುತ್ತಾರೆ. ತಂಗೆವ್ವ ಮಗಳ ಮದುವೆಗೆ ತೆಗೆದ ಹಸಿರು ಸೀರೆ ಉಟ್ಟು, ಯಾರೂ ಕರೆಯದೆ ಶೆಡ್ಡಿಗೆ ಬಂದಳು. ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ ಬಿದ್ದಿತ್ತು. ಕಿಟಕಿ ಪಕ್ಕದ ಯಂತ್ರದ ಮುಂದೆಯೂ ಬಟ್ಟೆ ಹಾಸಿತ್ತು, ಬರಿದಾಗಿ. ನಾಳೆ ಬರುವವಳ ಪರವಾಗಿ ದಿವಾಣಜಿ ಕತ್ತರಿ ಹಿಡಿದುಕೊಂಡು ಆ ಕಡೆಗೇ ಬರುತ್ತಿದ್ದ. ಅವನಿಗಿಂತ ನಾಲ್ಕು ಹೆಜ್ಜೆ ಮೊದಲು ತಂಗೆವ್ವ ಅಲ್ಲಿ ಮುಟ್ಟಿ, ನೆಲಕ್ಕೆ ಕೂತು, ಬಟ್ಟೆಯ ಮೇಲೆ ತನ್ನ ಎರಡೂ ಕೈಗಳನ್ನು ಅಂಗಾತ ಇಟ್ಟಳು.

ಪೂಜೆಯ ತಾಟು ಹಿಡಿದು ಬಂದವರು ರಾವಸಾಹೇಬರ ಹೆಂಡತಿ ಕಾಂಚನ. "ತಂಗೆವ್ವಾ, ಕೈ ತಗೀ. ಪೂಜಿ ಆಗಬೇಕು," ಎಂದರು.

"ಮಾಡ್ರಿ ವೈನಿ. ಹತ್ಯಾರ ಇಟ್ಟೇನಿ."

ಶೆಡ್ಡಿನಲ್ಲಿ ಅಷ್ಟೂ ಜನ ತಿರುಗಿ ನೋಡಿದರು. ರಾವಸಾಹೇಬರು ದಾಪುಗಾಲು ಹಾಕಿ ಬಂದು, "ಏನಿದು ಹುಚ್ಚಾಟ?" ಎಂದರು.

ತಂಗೆವ್ವ ಕೈ ಕದಲಿಸದೆ ತಲೆಯೆತ್ತಿ ಹೇಳಿದಳು: "ಕತ್ತರಿ ನಿಮ್ಮದಿತ್ರಿ, ಇಸಗೊಂಡ್ರಿ, ನಾ ಮಾತಾಡಲಿಲ್ಲ. ಇವು ನನ್ನವು. ಹತ್ತೊಂಬತ್ತ ವರ್ಷ ಈ ಮಶೀನಿಗೆ ದುಡದಾವ. ಕತ್ತರಿಗೆ ಕುಂಕುಮ ಹಚ್ಚತೀರಿ, ಪಾನಾಕ್ಕ ಹಚ್ಚತೀರಿ, ಎಣ್ಣಿ ಡಬ್ಬಿಗೂ ಹಚ್ಚತೀರಿ. ಇವಕ್ಕ ಹಚ್ಚಬಾರದು ಅಂತ ಅಪ್ಪಾವರು ಎಲ್ಲಿ ಹೇಳ್ಯಾರ, ತೋರಸ್ರಿ."

ಅಪ್ಪಾವರೆಂದರೆ ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡು ಕೂತ ಬಸವಣ್ಣೆಪ್ಪನವರು. ರಾವಸಾಹೇಬರು ಬೇಡವೆಂದರೂ ಒಮ್ಮೆ ಆ ಫೋಟೊದ ಕಡೆ ನೋಡಿದರು. ಕಾಂಚನ ನೋಡುತ್ತಿದ್ದದ್ದು ಕೈಗಳನ್ನು. ಗಂಟು ಗಂಟಾದ ಬೆರಳ ಸಂದುಗಳು, ಹೊರಕ್ಕೆ ವಾಲಿದ ಕಿರುಬೆರಳು, ನೂಲು ಕೊಯ್ದು ಕೊಯ್ದು ಬಿದ್ದ ಸಣ್ಣ ಗೆರೆಗಳು. ಅವರು ಗಂಡನನ್ನು ಕೇಳಲಿಲ್ಲ. ಬಗ್ಗಿ ಎರಡೂ ಅಂಗೈಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಒಂದೊಂದು ಹೂವು ಇಟ್ಟರು. ಆರತಿ ಎತ್ತಿ ಮುಂದಿನ ಯಂತ್ರಕ್ಕೆ ಹೋದರು. ರಾವಸಾಹೇಬರು ಹೊರಗೆ ನಡೆದರು, ದಿವಾಣಜಿ ಕತ್ತರಿಯನ್ನು ಜೇಬಿಗೆ ಹಾಕಿಕೊಂಡ.

ಮುಂದೆ ಒಂದು ಪೇಚು ಬಂತು. ಪೂಜೆಗೆ ಇಟ್ಟ ಹತ್ಯಾರವನ್ನು ನಾಳೆತನಕ ಎತ್ತುವಂತಿಲ್ಲ, ತಂಗೆವ್ವ ಮನೆಗೆ ಹೋಗುವುದು ಹೇಗೆ? ಸಾವಿತ್ರವ್ವ ತಲೆ ಓಡಿಸಿದಳು. ಬಟ್ಟೆಯ ನಾಲ್ಕೂ ತುದಿ ಎತ್ತಿ, ಹೂವು ಕುಂಕುಮ ಸಮೇತ ಕೈಗಳಿಗೆ ಸುತ್ತಿ ಗಂಟು ಹಾಕಿದಳು. "ಎತ್ತಿಲ್ಲಲ್ಲಾ, ಬಟ್ಟಿ ಮ್ಯಾಲೇ ಅದಾವ," ಎಂದಳು.

ಹೀಗೆ ತಂಗೆವ್ವ ಕೈ ಕಟ್ಟಿಸಿಕೊಂಡು ಮನೆಗೆ ಬಂದಳು. ಬಾಗಿಲು ತೆಗೆದ ಮಾಯಪ್ಪ ಗಾಬರಿಯಾಗಿ, ಏನು ಪೆಟ್ಟಾಯಿತು ಎಂದ. ಸಂಗತಿ ಕೇಳಿ ಅಂಗಿಯ ತೋಳು ಮಡಿಚಿದ. ಆಮೇಲೆ ಒಲೆಯ ಮುಂದೆ ಕೂತು ತಾನೇ ಹೋಳಿಗೆ ಬೇಯಿಸಿದ, ಅರ್ಧ ಸುಟ್ಟ, ಉಳಿದದ್ದನ್ನು ತುತ್ತು ಮಾಡಿ ಅವಳ ಬಾಯಿಗೆ ಇಟ್ಟ. ತಲೆ ಬಾಚಿದ, ಅದೂ ಸೊಟ್ಟ ಬೈತಲೆ. ಬಿಸಿನೀರಿನ ಕ್ಯಾನು ಮೂಲೆಯಲ್ಲಿ ತಣ್ಣಗಾಗುತ್ತಾ ನಿಂತಿತ್ತು. ಕೇಳದೆ ಕೊಡಬಾರದು ಎಂಬುದನ್ನು ಅವನು ಕಲಿತಿದ್ದ. ಹೆರದೆಯೂ, ಹಾಸಿಗೆ ಹಿಡಿಯದೆಯೂ ಒಂದಿಡೀ ದಿನ ಕೈ ಕಟ್ಟಿ ಕೂತ ತಂಗೆವ್ವನಿಗೆ ನಾಚಿಕೆ ಅನಿಸಲಿಲ್ಲ. ಪೂಜೆಗೊಂಡ ಹತ್ಯಾರಕ್ಕೆ ಯಾರಾದರೂ ಸೋಮಾರಿ ಎನ್ನುತ್ತಾರೇನು?

ದಸರೆಯ ಬೆಳಿಗ್ಗೆ ಶೆಡ್ಡಿನವರೆಲ್ಲರ ಎದುರಿಗೆ ಗಂಟು ಬಿಚ್ಚಿ, ಕೈಯೆತ್ತಿ ಕಣ್ಣಿಗೊತ್ತಿಕೊಂಡು, ಅವಳು ಯಂತ್ರ ಚಾಲೂ ಮಾಡಿದಳು. ಯಾರೂ ಬೇಡ ಎನ್ನಲಿಲ್ಲ. ಹೊಸಬಳನ್ನು ದಿವಾಣಜಿ ಮೂಲೆಯ ಯಂತ್ರಕ್ಕೆ ಹಚ್ಚಿದ. ಆರು ತಿಂಗಳಿಂದ ಆಳಿಲ್ಲದೆ ಅದು ಅಲ್ಲೇ ನಿಂತಿತ್ತು. ಅವತ್ತು ನಾಲ್ಕು ತಾಸು ಮಾತ್ರ ಕೆಲಸ, ಮಧ್ಯಾಹ್ನ ಬನ್ನಿ ಕೊಡಲು ಎಲ್ಲರಿಗೂ ಬಿಡುವು. ನಾಲ್ಕೇ ತಾಸಲ್ಲವೇ, ಇವತ್ತೊಂದು ದಿನ ಮಲಗದಿದ್ದರೆ ಮಾಲಕರ ಮರ್ಯಾದೆಯೂ ಉಳಿಯುತ್ತದೆ ಎಂದು ಸಾವಿತ್ರವ್ವ ಕಿವಿಯಲ್ಲಿ ಹೇಳಿದಳು.

ತಂಗೆವ್ವ ಯೋಚಿಸಿದಳು. ಎರಡು ತಾಸಾಗುತ್ತಿದ್ದ ಹಾಗೆ ಬೆರಳು ಬಿಗಿಯತೊಡಗಿದವು. ಇವತ್ತು ಬಿಟ್ಟರೆ ನಾಳೆಯೂ ಬಿಡಬೇಕಾಗುತ್ತದೆ. ಅವಳು ಗಡಿಗೆಯಲ್ಲಿ ಚಿಂದಿ ನೆನೆಸಿ ಮಣಿಕಟ್ಟಿಗೆ ಸುತ್ತಿಕೊಂಡು, ಯಂತ್ರ ನಿಲ್ಲಿಸಿ, ಹಲಗೆಯ ಮೇಲೆ ಮಲಗಿ ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ತಲೆಯ ಹತ್ತಿರ ಯಾರೋ ಬಂದು ನಿಂತದ್ದು ತಿಳಿಯಿತು. ಚಪ್ಪಲಿಯ ಕಿರುಗುಟ್ಟುವಿಕೆಯಿಂದಲೇ ಯಾರೆಂದು ಗೊತ್ತಾಯಿತು.

"ತಂಗೆವ್ವಾ," ಎಂದರು ರಾವಸಾಹೇಬರು.

ಅವಳು ಕಣ್ಣು ತೆರೆಯಲಿಲ್ಲ. "ಇನ್ನ ಒಂಬತ್ತ ಮಿನಿಟ ಅದಾವ್ರಿ."

ಅವರು ಬೈಯುತ್ತಾರೆ ಎಂದು ಸಾವಿತ್ರವ್ವ ಉಸಿರು ಹಿಡಿದಳು. ಅವರು ಬೈಯಲಿಲ್ಲ, ಹೋಗಲೂ ಇಲ್ಲ. ಗೋಡೆಯ ಗಡಿಯಾರವನ್ನು ಒಮ್ಮೆ, ಅದರ ಪಕ್ಕದ ತಂದೆಯ ಫೋಟೊವನ್ನು ಒಮ್ಮೆ ನೋಡುತ್ತಾ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಅಲ್ಲೇ ನಿಂತರು. ಸುತ್ತ ಮಗ್ಗಗಳು ಬಡಿಯುತ್ತಿದ್ದವು. ಗಡಿಯಾರದ ಮುಳ್ಳು ಬಂದು ಮುಟ್ಟಿದಾಗ ಅವರ ಬಾಯಿಂದಲೇ ಮಾತು ಬಂತು:

"ಆತು ನೋಡು, ಹದಿನೈದು."

ತಂಗೆವ್ವ ನಿಧಾನವಾಗಿ ಎದ್ದು ಕೂತು, ಬೆರಳು ಮಡಿಚಿ ಬಿಚ್ಚಿ ನೋಡಿಕೊಂಡಳು. "ನಾಳಿಂದನೂ ಎರಡ ತಾಸಿಗೊಮ್ಮೆ ಮಲಗತೇನ್ರಿ," ಎಂದು ಹೇಳಿ ಯಂತ್ರದ ಗುಂಡಿ ಒತ್ತಿದಳು.